ಹದಿನೆಂಟು ನಿಮಿಷ ಬಾಯಿ ಮುಚ್ಚದ ಮೈಕು

ನಾನು ಒಂದು ಮೈಕು. ಸಭೆಗಳಲ್ಲಿ ಕೋಲಿನ ತುದಿಗೆ ನಿಂತು ಭಾಷಣ ಸಹಿಸಿಕೊಳ್ಳುವ ಜಾತಿಯವನಲ್ಲ, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟವನು. ನನ್ನನ್ನು ಯಾವ ಕಾರ್ಖಾನೆಯೂ ಹಡೆಯಲಿಲ್ಲ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಒಂದು ಅಡುಗೆಮನೆಯ ಕಟ್ಟೆಯ ಮೇಲೆ, 1982ರ ದೀಪಾವಳಿ ರಜೆಯಲ್ಲಿ, ಗುರುಸಿದ್ದಪ್ಪ ಹೊಂಬಳ ಎಂಬ ಸಿಗ್ನಲ್ ಮೆಕ್ಯಾನಿಕ್ ನನ್ನನ್ನು ಜೋಡಿಸಿದರು. ನನ್ನ ಕಿವಿ ಗುಜರಿಯ ಟೆಲಿಫೋನಿನದು. ಒತ್ತುವ ಗುಂಡಿಯ ಕೆಳಗಿನ ಸ್ಪ್ರಿಂಗು ಬಾಲ್ ಪೆನ್ನಿನದು. ಮೈ ಮಾತ್ರ ಅವರ ಹೆಂಡತಿ ನೀಲವ್ವನ ಪೌಡರ್ ಡಬ್ಬಿಯದು. ಅದರಲ್ಲಿ ಇನ್ನೂ ಕಾಲು ಭಾಗ ಪೌಡರ್ ಇತ್ತು ಎಂದು ಆಕೆ ಎರಡು ದಿನ ಗಂಡನ ಜೊತೆ ಮಾತು ಬಿಟ್ಟಿದ್ದರು. ಹುಟ್ಟಿದ ಗಳಿಗೆಯಲ್ಲೇ ಮನೆಯಲ್ಲಿ ಜಗಳ ಹಚ್ಚಿದವನು ನಾನು.

ನನ್ನ ಯಜಮಾನರು ಹ್ಯಾಮ್. ಪರೀಕ್ಷೆ ಪಾಸು ಮಾಡಿ, ಸರಕಾರದ ಲೈಸೆನ್ಸ್ ಪಡೆದು, ಮನೆಯಲ್ಲೇ ಪುಟ್ಟ ರೇಡಿಯೊ ನಿಲ್ದಾಣ ಕಟ್ಟಿಕೊಂಡು ದೂರದೂರಿನವರ ಜೊತೆ ಮಾತಾಡುವ ಹವ್ಯಾಸಿಗಳಿಗೆ ಹಾಗೆನ್ನುತ್ತಾರೆ. ಗುಂಡಿ ಒತ್ತಿದರೆ ಅವರ ಮಾತು ಆಕಾಶಕ್ಕೆ ಹೋಗುತ್ತದೆ, ಬಿಟ್ಟರೆ ಆಚೆಯವರ ಮಾತು ಪೆಟ್ಟಿಗೆಯಲ್ಲಿ ಕೇಳುತ್ತದೆ. ಮಿರ್ಚಿ ಭಜಿ ತಿಂದ ಬಾಯಿಂದಲೇ ಅವರು ನನ್ನೆದುರು ಬರುತ್ತಿದ್ದರು. ಆ ಕಷ್ಟ ನನಗೊಬ್ಬನಿಗೇ ಗೊತ್ತು.

ಅವರಿಗೆ ಇನ್ನೊಂದು ಹುಚ್ಚೂ ಇತ್ತು. ಹುಡುಗನಾಗಿದ್ದಾಗ ರೇಡಿಯೊ ಮುಳ್ಳು ತಿರುಗಿಸುತ್ತ ಎಲ್ಲೋ ದೂರದ ಕೇಂದ್ರದಲ್ಲಿ ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡು ಕೇಳಿದ್ದರಂತೆ. ಒಂದು ಗಿಟಾರು, ಒಂದು ಒಡೆದ ದನಿ. ಅಂದಿನಿಂದ ಮುಂಬಯಿಗೆ ಡ್ಯೂಟಿ ಮೇಲೆ ಹೋದಾಗಲೆಲ್ಲ ಹಳೆಯ ರೆಕಾರ್ಡು ಹುಡುಕಿ ತಂದು ನಲವತ್ತು ಕೂಡಿಸಿದ್ದರು. ಅವು ತಿರುಗುತ್ತಿದ್ದರೆ ಊಟದ ಹೊತ್ತು ಮೀರಿದರೂ ಅವರಿಗೆ ಎಚ್ಚರವಿರುತ್ತಿರಲಿಲ್ಲ.

"ಇವ್ರ್ಯಾಕ ಹಿಂಗ ಗೋಳಾಡ್ತಾರ್ರೀ?" ಎಂದು ನೀಲವ್ವ ಕೇಳಿದರೆ, "ಗೋಳಾಡಿ ಹಗುರ ಆಗಾಕತ್ತಾರ, ಕೇಳು," ಎನ್ನುತ್ತಿದ್ದರು. ಆಕೆಗೆ ತಲೆನೋವು ಬರುತ್ತಿತ್ತು. ವರ್ಕ್‌ಶಾಪಿನ ಗೆಳೆಯರು ನಗುತ್ತಿದ್ದರು. ಇಡೀ ಹುಬ್ಬಳ್ಳಿಯಲ್ಲಿ ಆ ಹಾಡು ಕೂತು ಕೇಳುವ ಇನ್ನೊಂದು ಜೀವ ಸಿಗಲಿಲ್ಲ. ಸಾವಿರ ಮೈಲಿ ದೂರ ಮಾತು ಮುಟ್ಟಿಸುವ ಯಂತ್ರ ಮನೆಯಲ್ಲೇ ಇತ್ತು, ಆದರೆ ಹ್ಯಾಮ್ ಲೈಸೆನ್ಸಿನಲ್ಲಿ ಸಂಗೀತಕ್ಕೆ ಕಟ್ಟುನಿಟ್ಟಿನ ನಿಷೇಧ. ಹವಾಮಾನ ಮಾತಾಡಬಹುದು, ಆಂಟೆನಾ ಬಗ್ಗೆ ಗಂಟೆಗಟ್ಟಲೆ ಕೊರೆಯಬಹುದು, ಹಾಡು ಮಾತ್ರ ಕೂಡದು. ಯಜಮಾನರು ನಿಯಮದ ಮನುಷ್ಯ. ಮಾತಿಗೆ ಕೂರುವ ಮೊದಲು ರೆಕಾರ್ಡ್ ಪ್ಲೇಯರಿನ ವೈರು ಕಿತ್ತಿಟ್ಟೇ ಕೂರುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ತಪ್ಪಾಯಿತು. ತಪ್ಪು ನನ್ನದು, ಮುಚ್ಚಿಡುವುದಿಲ್ಲ. ಹ್ಯಾಮ್‌ಗಳೆಲ್ಲ ಒಂದೇ ತರಂಗದಲ್ಲಿ ಸೇರಿ ಕುಶಲ ವಿಚಾರಿಸುವ ಹೊತ್ತು ಅದು. ಯಜಮಾನರು ತಮ್ಮ ಸರದಿ ಮುಗಿಸಿ ನನ್ನನ್ನು ಮೇಜಿನ ಮೇಲಿಟ್ಟರು. ಪೆನ್ನಿನ ಸ್ಪ್ರಿಂಗು ಸಿಕ್ಕಿಹಾಕಿಕೊಂಡು ನನ್ನ ಗುಂಡಿ ಮೇಲೇಳಲಿಲ್ಲ. ಪೆಟ್ಟಿಗೆ ಮೌನವಾದದ್ದು ನೋಡಿ ಅವರು ಕೂಟ ಮುಗಿಯಿತೆಂದುಕೊಂಡರು. ಪ್ಲೇಯರಿನ ವೈರು ಮತ್ತೆ ಸಿಕ್ಕಿಸಿ, ಚಹಾ ಹೀರುತ್ತ, ತಮಗೆ ಪ್ರಾಣವಾಗಿದ್ದ ರೆಕಾರ್ಡನ್ನು ಹಚ್ಚಿದರು. ಬಿದ್ದುಕೊಂಡಲ್ಲಿಂದಲೇ ನಾನು ಎಲ್ಲವನ್ನೂ ಆಕಾಶಕ್ಕೆ ಕಳಿಸಿದೆ, ನೀಲವ್ವ ಒಗ್ಗರಣೆ ಹಾಕಿದ ಸದ್ದು ಸಮೇತ.

ಹದಿನೆಂಟು ನಿಮಿಷವಾದ ಮೇಲೆ ಕೇಶ್ವಾಪುರದ ಇನ್ನೊಬ್ಬ ಹ್ಯಾಮ್ ಅಕ್ಬರಸಾಬ್ ನದಾಫ್ ಸ್ಕೂಟರ್ ಹೊಡೆದುಕೊಂಡು ಬಂದರು. ಚಪ್ಪಲಿ ಬಿಡದೆ ಒಳಗೆ ನುಗ್ಗಿ ಪೆಟ್ಟಿಗೆಯ ಪ್ಲಗ್ ಕಿತ್ತರು.

"ಹೊಂಬಳ ಅವ್ರ, ನಿಮ್ಮ ಹಾಡು ಅರ್ಧಾ ಹಿಂದೂಸ್ತಾನ ಕೇಳಾಕತ್ತೈತಿ."

ಯಜಮಾನರು ಕುರ್ಚಿ ಮೇಲೆ ಕುಸಿದರು. ಆದರೂ ಹ್ಯಾಮ್‌ಗಳು ಪ್ರತಿ ಪ್ರಸಾರವನ್ನೂ ಬರೆದಿಡುವ ಲಾಗ್ ಪುಸ್ತಕ ತೆರೆದು, ಗಟ್ಟಿ ಅಕ್ಷರದಲ್ಲಿ "ಮೈಕು ಕೆಟ್ಟು ಸಂಗೀತ ಪ್ರಸಾರವಾಯಿತು" ಎಂದು ಬರೆದರು. ಮೈಕು ಕೆಟ್ಟು ಎಂಬ ಮಾತು ನನಗೆ ಇಂದಿಗೂ ಚುಚ್ಚುತ್ತದೆ.

ಒಂಬತ್ತನೇ ದಿನ ಕಾರವಾರದಿಂದ ಕಾರ್ಡು ಬಂತು. ಕಳಿಸಿದವರು ಶಾಲಿನಿ ಗಾಂವಕರ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು. ಹ್ಯಾಮ್‌ಗಳ ಮಾತು ಕದ್ದು ಕೇಳುವುದು ಅವರ ಚಟ. "ತಮ್ಮ ಪ್ರಸಾರ ಹದಿನೆಂಟು ನಿಮಿಷ ಸ್ಪಷ್ಟವಾಗಿ ಕೇಳಿಸಿತು. ನನ್ನ ತಂದೆ ತೀರಿಕೊಂಡ ಮೇಲೆ ನನಗೆ ಅಳು ಬಂದಿರಲಿಲ್ಲ. ಅಂದು ಬಂತು. ಆ ಹಾಡು ಯಾವುದು?" ಎಂದು ಬರೆದಿದ್ದರು.

ನಮ್ಮಲ್ಲೊಂದು ಪದ್ಧತಿಯಿದೆ. ನಿಮ್ಮ ದನಿ ಕೇಳಿದೆ ಎಂದು ಯಾರಾದರೂ ಕಾರ್ಡು ಬರೆದರೆ, ಹೌದು, ಆ ದನಿ ನನ್ನದೇ ಎಂದು ಸಹಿ ಹಾಕಿ ಮರುಕಾರ್ಡು ಕಳಿಸಲೇಬೇಕು. ಕಳಿಸದವನನ್ನು ಹ್ಯಾಮ್ ಎನ್ನುವುದಿಲ್ಲ. ಆದರೆ ಈ ಕಾರ್ಡಿಗೆ ಸಹಿ ಹಾಕಿದರೆ ತಾನೇ ತಪ್ಪೊಪ್ಪಿಗೆ ಬರೆದುಕೊಟ್ಟಂತೆ. ಅಷ್ಟರಲ್ಲಿ ಯಾರೋ ದೂರು ಕೊಟ್ಟಾಗಿತ್ತು, ತನಿಖೆಗೆ ಅಧಿಕಾರಿ ಬರುವ ಸುದ್ದಿಯೂ ಇತ್ತು. ಕಾರ್ಡನ್ನು ಒಲೆಗೆ ಹಾಕಿ, ಲಾಗಿನ ಆ ಹಾಳೆ ಹರಿದುಬಿಡಿ ಎಂದು ಅಕ್ಬರಸಾಬರು ಕೈಮುಗಿದು ಹೇಳಿದರು.

ಯಜಮಾನರು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇಪ್ಪತ್ತ ವರ್ಷದಾಗ ಒಬ್ಬರು ಕೇಳ್ಯಾರ, ಅಕ್ಬರಸಾಬ. ಅವ್ರಿಗೆ ಅದು ನಾ ಅಲ್ಲ ಅನ್ನಲೇನು?"

ಸಹಿ ಹಾಕಿದರು. ಹಾಡಿನ ಹೆಸರು, ಹಾಡಿದವನ ಊರು, ಅವನ ಕಣ್ಣು ಕಾಣುತ್ತಿರಲಿಲ್ಲ ಎಂಬುದು, ಎಲ್ಲ ಬರೆದರು. ಜಾಗ ಸಾಲದೆ ಇನ್ನೊಂದು ಹಾಳೆ ಲಗತ್ತಿಸಿದರು. ಅಧಿಕಾರಿ ಬಂದಾಗ ಲಾಗನ್ನೂ ಕಾರ್ಡನ್ನೂ ತಾವಾಗಿಯೇ ಮುಂದಿಟ್ಟರು. ಲೈಸೆನ್ಸು ಒಂದು ವರ್ಷ ಅಮಾನತಾಯಿತು. ಪೆಟ್ಟಿಗೆಗೆ ಅರಿವೆ ಹೊದಿಸಿದ ದಿನ ಅವರ ಕಣ್ಣು ತುಂಬಿತ್ತು. ನನಗಂತೂ ಭೂಮಿ ಬಾಯಿ ಬಿಡಬಾರದೇ ಎನಿಸಿತ್ತು.

ಆ ವರ್ಷ ಅವರು ಕಾರವಾರಕ್ಕೆ ಕ್ಯಾಸೆಟ್ಟು ಕಳಿಸತೊಡಗಿದರು, ಜೊತೆಗೆ ಹಾಡಿನ ಅರ್ಥ ಕನ್ನಡದಲ್ಲಿ. ಆಕಡೆಯಿಂದ ಪ್ರಶ್ನೆಗಳು ಬಂದವು. ಕ್ಯಾಸೆಟ್ಟಿಗೆ ಮಾತು ತುಂಬಲು ನನ್ನನ್ನೇ ರಿಪೇರಿ ಮಾಡಿ, ಹೊಸ ಸ್ಪ್ರಿಂಗು ಹಾಕಿದರು. ಲೈಸೆನ್ಸು ಮರಳಿದ ಮೇಲೂ ಕ್ಯಾಸೆಟ್ಟು ನಿಲ್ಲಲಿಲ್ಲ. ಮುಂದೊಂದು ದಿನ ಅಂಗಡಿಯ ಹೊಸ ಮೈಕು ಬಂದು ನಾನು ಕಪಾಟು ಸೇರಿದೆ.

ಬಹಳ ವರ್ಷಗಳ ನಂತರ, ಯಜಮಾನರು ನಿವೃತ್ತರಾಗಿ ಹಲ್ಲು ಕಟ್ಟಿಸಿಕೊಂಡ ಮೇಲೆ, ಧಾರವಾಡದ ಒಂದು ಕಾಲೇಜಿನಲ್ಲಿ ಸಮುದಾಯ ರೇಡಿಯೊ ಶುರುವಾಯಿತು. ಅದರ ಉಸ್ತುವಾರಿ ಅಷ್ಟರಲ್ಲಿ ಕಾರವಾರ ಬಿಟ್ಟು ಅಲ್ಲಿಗೆ ಬಂದಿದ್ದ ಶಾಲಿನಿ ಗಾಂವಕರರದು. ಇಲ್ಲಿ ಹಾಡು ಹಾಕಿದರೆ ಯಾರೂ ತನಿಖೆಗೆ ಬರುವುದಿಲ್ಲ, ಬುಧವಾರ ಬೆಳಿಗ್ಗೆ ಅರ್ಧ ಗಂಟೆ ನಿಮ್ಮದು ಎಂದು ಫೋನ್ ಮಾಡಿದರು. ಯಜಮಾನರು ಹೊಸ ಅಂಗಿ ಹೊಲಿಸಿದರು. ಆ ಬುಧವಾರ ನನ್ನನ್ನು ಕಪಾಟಿನಿಂದ ತೆಗೆದು, ಒರೆಸಿ, ರೇಡಿಯೊದ ಪಕ್ಕ ಇಟ್ಟು ಹೋದರು.

ಒಂಬತ್ತೂವರೆಗೆ ನೀಲವ್ವ ರೇಡಿಯೊ ಹಚ್ಚಿದರು. ಯಜಮಾನರ ದನಿ ಬಂತು. ವರ್ಷಗಟ್ಟಲೆ ಆ ದನಿಯನ್ನು ಆಚೆ ದಾಟಿಸಿದವನು ನಾನು, ಆದರೆ ಅದು ಆಚೆ ದಡದಲ್ಲಿ ಹೇಗೆ ಕೇಳುತ್ತದೆಂದು ಅಂದೇ ತಿಳಿದದ್ದು.

"ಬ್ಲೂಸಿನಾಗ ಒಂದ ಸಾಲು ಎರಡ ಸಲ ಹಾಡ್ತಾರ್ರೀ," ಎಂದರು ಯಜಮಾನರು. "ಯಾಕಂದ್ರ ನಮ್ಮ ದುಃಖ ಮೊದಲನೇ ಸಲ ಹೇಳಿದ್ರ ಯಾರೂ ನಂಬೂದಿಲ್ಲ. ಮೂರನೇ ಸಾಲಿಗೆ ಉತ್ತರ ಸಿಗತೈತಿ."

ಹಾಡು ಶುರುವಾಯಿತು. ನೀಲವ್ವ ಸೊಪ್ಪು ಸೋಸುವುದನ್ನು ಬಿಟ್ಟು ಕೂತರು. ತಲೆನೋವಿನ ಮಾತೆತ್ತಲಿಲ್ಲ. ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಏನೋ ಹೊಳೆದವರಂತೆ ನನ್ನನ್ನು ಕೈಗೆತ್ತಿಕೊಂಡರು. ಇಷ್ಟು ವರ್ಷ ನಾನು ಒಂದೇ ಸೂರಿನಡಿ ಇದ್ದರೂ ಆಕೆ ನನ್ನ ಗುಂಡಿ ಒತ್ತಿದ್ದು ಅದೇ ಮೊದಲು.

"ಕೇಳಿಸ್ತ್ರೀ," ಎಂದರು ಮೆತ್ತಗೆ.

ನನ್ನ ವೈರು ಯಾವುದಕ್ಕೂ ಸೇರಿಲ್ಲವೆಂದು ಆಕೆಗೂ ಗೊತ್ತಿತ್ತು. ಆದರೂ ನಾನು ಮೈಯೆಲ್ಲ ಕಿವಿಯಾಗಿ ಆ ಮಾತನ್ನು ತೆಗೆದುಕೊಂಡೆ. ಯಜಮಾನರು ಧಾರವಾಡದ ಬಸ್ಸಿನಲ್ಲಿ ಮಧ್ಯಾಹ್ನ ಮನೆಗೆ ಬರುವವರೆಗೆ ಅದನ್ನು ಹಾಗೇ ಇಟ್ಟುಕೊಂಡಿದ್ದೆ.