ಇಲ್ಲ ಎನ್ನುವ ಎಲುಬು

ಹಲ್ಲಿ ಟ್ಯೂಬ್‌ಲೈಟಿನ ಪಟ್ಟಿ ದಾಟಿ ಎಡಕ್ಕೆ ಹೊರಳಿತು, ಬಾಲದ ತುದಿಯಷ್ಟೇ ಉಳಿಯಿತು, ಅದೂ ಹೋಯಿತು — ಇನ್ನು ಅದು ಎತ್ತ ಹೋಯಿತೋ ರಂಜನಾಗೆ ತಿಳಿಯುವುದಿಲ್ಲ, ತಲೆ ತಿರುಗಿಸಿದರೆ ತಾನೆ ತಿಳಿಯುವುದು, ಬುರುಡೆಯ ಎರಡೂ ಬದಿಗೆ ಉಕ್ಕಿನ ಇಕ್ಕಳ ಕೂರಿಸಿದ್ದಾರೆ, ಇಕ್ಕಳಕ್ಕೆ ಹಗ್ಗ, ಹಗ್ಗಕ್ಕೆ ಮಂಚದ ಹಿಂದೆ ಎಲ್ಲೋ ತೂಕ, ಆ ತೂಕವನ್ನು ಅವಳು ಇನ್ನೂ ಕಂಡೇ ಇಲ್ಲ, ಯಾರಾದರೂ ಮಂಚಕ್ಕೆ ತಾಗಿದರೆ ಅದು ಜೋಲಿ ಹೊಡೆಯುವುದು ಹಲ್ಲಿನ ಬೇರಿನವರೆಗೂ ಗೊತ್ತಾಗುತ್ತದೆ, ಅಷ್ಟೆ. ಕಾಣುವುದು ಛತ್ತು. ಟ್ಯೂಬ್‌ಲೈಟಿನ ಪಟ್ಟಿ ಅಡ್ಡ, ಅದನ್ನು ನಡುವೆ ಕತ್ತರಿಸಿ ಹೋದ ವೈರಿನ ಕೊಳವೆ ಉದ್ದ, ಸ್ಕೂಟರಿನಿಂದ ಬಿದ್ದು ಇಲ್ಲಿಗೆ ಬಂದು ಎಚ್ಚರವಾದಾಗ ಮೊದಲು ತೋಚಿದ್ದೇ ಅದು, ಇದು ಎಕ್ಸ್ ಅಕ್ಷ, ಇದು ವೈ ಅಕ್ಷ, ಕೈಕಾಲು ಆಡುತ್ತವೋ ಇಲ್ಲವೋ ಎಂದಲ್ಲ, ಮನೆಯಲ್ಲಿ ಅತ್ತೆಗೆ ಮಾತ್ರೆ ಕೊಟ್ಟವರು ಯಾರು ಎಂದಲ್ಲ, ಎಕ್ಸ್ ಮತ್ತು ವೈ, ಹುಚ್ಚಿ, ಕನ್ನಡ ಶಾಲೆಯಲ್ಲಿ ಇಷ್ಟು ವರ್ಷ ಗಣಿತ ವಿಜ್ಞಾನ ಕಲಿಸಿದ್ದಕ್ಕೆ ಬಂದ ಫಲ. ಆದರೆ ಅದರಿಂದ ಅನುಕೂಲವಾಯಿತು, ಸುಣ್ಣ ಉದುರಿದ ಕಲೆ ಮೇಲೆ ಬಲಕ್ಕೆ, ಜೇಡದ ಬಲೆ ಕೆಳಗೆ ಎಡಕ್ಕೆ, ನರ್ಸು ಬಗ್ಗಿದರೆ ಮೇಲಿನಿಂದ ತಲೆಕೆಳಗಾದ ಮುಖ, ಗಂಡ ಬಸವಪ್ರಭು ಯಾವಾಗಲೂ ಕೆಳಗಿನ ಬಲ ಮೂಲೆಯಿಂದ ಬರುತ್ತಾನೆ, ಮೊದಲು ಹಣೆ, ಆಮೇಲೆ ಕನ್ನಡಕ, ಆಮೇಲೆ ಹೆಂಗದೀ ಎಂಬ ಮಾತು. ಎಲ್ಲರೂ ಬರುತ್ತಾರೆ ಹೋಗುತ್ತಾರೆ, ಅವಳು ಮಾತ್ರ ಎರಡು ಗೆರೆ ಕೂಡುವ ಚುಕ್ಕಿಯ ಕೆಳಗೆ, ಸೊನ್ನೆ ಸೊನ್ನೆ, ಕರಿಹಲಗೆಯ ಮೇಲೆ ಸೀಮೆಸುಣ್ಣ ಒತ್ತಿ ಬರೆಯುತ್ತಿದ್ದ ಮೂಲಬಿಂದು, ಮಕ್ಕಳೇ, ಇದಕ್ಕೆ ಬೆಲೆ ಇಲ್ಲ, ಆದರೆ ಇದಿಲ್ಲದೆ ಯಾವುದನ್ನೂ ಅಳೆಯಲಿಕ್ಕೆ ಬರುವುದಿಲ್ಲ — ಎಷ್ಟು ಸಲೀಸಾಗಿ ಹೇಳುತ್ತಿದ್ದಳು, ಬೆಲೆ ಇಲ್ಲ ಅಂತ.

ಡಾಕ್ಟರ್ ಬಾಪಟ ಎಕ್ಸ್‌ರೇಯನ್ನು ಅವಳ ಮುಖದ ಮೇಲೆಯೇ ಹಿಡಿದು ತೋರಿಸಿದ್ದರು, ಬೆಳಕು ಹಿಂದಿನಿಂದ ಬಂದು ತನ್ನ ಕುತ್ತಿಗೆ ತನಗೇ ಮೋಡದ ಹಾಗೆ ಕಂಡಿತ್ತು, ಬಾಯಿ, ತುಮ್ಹೀ ವಿಜ್ಞಾನ ಶಿಕವತಾ ನಾ, ವಿಜ್ಞಾನ ಕಲಿಸುತ್ತೀರಲ್ಲ, ಎಂದು ಮರಾಠಿಯಲ್ಲಿ ಶುರುಮಾಡಿದರು, ಪುಣೆಯಲ್ಲಿ ಟೀಚರಮ್ಮನಿಗೆ ಬಾಯಿ ಎನ್ನುವುದೇ ಮರ್ಯಾದೆ, ನೋಡಿ, ಕುತ್ತಿಗೆಯ ಮೊದಲ ಎಲುಬು ಒಂದು ಉಂಗುರ, ತಲೆ ಅದರ ಮೇಲೆ ಕೂತಿದೆ, ಎರಡನೆಯದರ ಮೇಲೊಂದು ಗೂಟ, ಬೀಸುವ ಕಲ್ಲಿನ ನಡುವೆ ಇರುತ್ತದಲ್ಲ ಹಾಗೆ, ಆ ಗೂಟಕ್ಕೆ ಉಂಗುರ ಸಿಕ್ಕಿಸಿದೆ, ಅದರ ಸುತ್ತ ತಲೆ ತಿರುಗುತ್ತದೆ, ಈ ಎರಡನೆಯ ಎಲುಬಿಗೆ ಏನು ಹೆಸರು ಗೊತ್ತೇ, ಆಕ್ಸಿಸ್, ನಿಮ್ಮ ಆಕ್ಸಿಸ್ಸಿನ ಗೂಟ ಬುಡದಲ್ಲೇ ಮುರಿದಿದೆ. ಅವಳಿಗೆ ನಗು ಬಂತು, ನಗಲು ಹೋಗಿ ಇಕ್ಕಳ ಎಳೆಯಿತು. ಅಕ್ಷ ಎಂದರೆ ಕಾಲ್ಪನಿಕ ರೇಖೆ, ಎಲ್ಲಿಯೂ ಇಲ್ಲದ್ದು, ಪುಸ್ತಕದಲ್ಲಿ ಹಾಗೇ ಇದೆ, ಇಲ್ಲದ್ದು ಮುರಿಯುವುದು ಹೇಗೆ. ಡಾಕ್ಟರು ಇನ್ನೊಂದು ಮಾತು ಹೇಳಿದರು, ಹೌದು ಅಂತ ಗೋಣು ಹಾಕುತ್ತೇವಲ್ಲ, ಅದು ಮೇಲಿನ ಕೀಲು, ನಿಮ್ಮದು ಚೆನ್ನಾಗಿದೆ, ಇಲ್ಲ ಅಂತ ಆಡಿಸುತ್ತೇವಲ್ಲ, ಅದು ಈ ಗೂಟದ ಮೇಲೆ. ಅವರು ಸುಮ್ಮನೆ ಹೇಳಿದ್ದು, ಪಾಠ ಹೇಳುವ ಖುಷಿಯಲ್ಲಿ, ಆದರೆ ಅಂದಿನಿಂದ ಅದು ತಲೆಯಲ್ಲೇ ಕೂತಿದೆ, ಹೌದು ಚೆನ್ನಾಗಿದೆ, ಇಲ್ಲ ಮುರಿದಿದೆ, ಸವೆದು ಮುರಿಯುವಷ್ಟು ಅದನ್ನು ಬಳಸಿದ್ದಾದರೂ ಯಾವಾಗ, ಮದುವೆಯಲ್ಲಿ ಬಳಸಲಿಲ್ಲ, ವಿಜಯಪುರ ಬಿಟ್ಟು ಪುಣೆಗೆ ಬರುವಾಗ ಬಳಸಲಿಲ್ಲ, ಎಂ.ಎಸ್ಸಿ. ಅರ್ಧಕ್ಕೆ ನಿಲ್ಲಿಸುವಾಗ ಬಳಸಲಿಲ್ಲ, ಹೂಂರಿ, ಆತ್ರಿ, ಆಗಲಿ ಬಿಡ್ರಿ.

ಸಾಬವ್ವ ಇದ್ದಿದ್ದರೆ ಡಾಕ್ಟರನ್ನೇ ನಿಲ್ಲಿಸಿ ಕೇಳುತ್ತಿದ್ದಳು. ಏಳನೆಯ ತರಗತಿಯ ಕಿಟಕಿ ಪಕ್ಕದ ಬೆಂಚು, ಯೆರವಡಾ ಕಡೆ ಕಟ್ಟಡದ ಕೆಲಸಕ್ಕೆ ಬಂದವರ ಮಗಳು, ಎಣ್ಣೆ ಕಾಣದ ಕೂದಲು, ಪಾಠದ ನಡುವೆ ಎದ್ದು ನಿಂತೇಬಿಟ್ಟಳು, ಟೀಚರ್, ಭೂಮಿ ಅಕ್ಷದ ಸುತ್ತ ತಿರಗತದ ಅಂದ್ರಿ, ಅಕ್ಷ ಇಲ್ಲೇ ಇಲ್ಲ ಅಂದ್ರಿ, ಇಲ್ಲದ್ದರ ಸುತ್ತ ಹೆಂಗ ತಿರಗತದ್ರಿ. ತರಗತಿ ನಕ್ಕಿತು, ರಂಜನಾ ನಗಲಿಲ್ಲ, ಅವಳಿಗೂ ಆ ವಯಸ್ಸಿನಲ್ಲಿ ಅದೇ ಅನುಮಾನವಿತ್ತು, ಕೇಳಿರಲಿಲ್ಲ, ಬಾಯಿಪಾಠ ಮಾಡಿ ಪೂರ್ತಿ ಅಂಕ ತಗೊಂಡಿದ್ದಳು. ಮರುದಿನ ಒಂದು ಮೋಸಂಬಿ, ಒಂದು ಹೆಣಿಗೆಯ ಕಡ್ಡಿ, ಮೋಸಂಬಿಗೆ ಕಡ್ಡಿ ಚುಚ್ಚಿ ತಿರುಗಿಸಿ ತೋರಿಸಿದಳು, ಇದೇ ನೋಡ್ರಿ ಅಕ್ಷ, ಎಂದಳು, ಗೆದ್ದೆ ಎಂದುಕೊಂಡಳು, ಸಾಬವ್ವ ಬಂದು ಕಡ್ಡಿಯನ್ನು ಸರಕ್ಕನೆ ಕಿತ್ತಳು, ಮೋಸಂಬಿಯನ್ನು ಮೇಜಿನ ಮೇಲೆ ಬುಗುರಿಯಂತೆ ತಿರುವಿ ಬಿಟ್ಟಳು, ಅದು ಗಿರ್ರನೆ ತಿರುಗಿತು, ಕಡ್ಡಿ ತೆಗದ್ರೂ ತಿರಗತದಲ್ರಿ ಟೀಚರ್. ಆ ಕ್ಷಣ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಕೈಗೆಲ್ಲ ಮೋಸಂಬಿಯ ಒಗರು ವಾಸನೆ ಹತ್ತಿಸಿಕೊಂಡು, ಅವಳಿಗೆ ಅದು ಅರ್ಥವಾಗಿತ್ತು — ಅಕ್ಷ ಕಡ್ಡಿ ಅಲ್ಲ, ಒಳಗೆ ಇಟ್ಟ ವಸ್ತು ಅಲ್ಲ, ತಿರುಗುವಾಗ ಎಲ್ಲವೂ ಜಾಗ ಬಿಡುತ್ತದೆ, ಜಾಗ ಬಿಡದೆ ಉಳಿದ ಚುಕ್ಕಿಗಳ ಸಾಲು ಇರುತ್ತದಲ್ಲ, ಅದು, ತಿರುಗಿದಾಗಲೇ ಅದು ಹುಟ್ಟುತ್ತದೆ, ನಿಂತರೆ ಇಲ್ಲ, ಕರಿಹಲಗೆಯ ಎಕ್ಸ್ ವೈ ಕೂಡ ಹಾಗೇ, ಹಲಗೆಯಲ್ಲಿ ಮೊದಲೇ ಇರಲಿಲ್ಲ, ಅಳೆಯಬೇಕೆಂದವರು ತಮಗೆ ಬೇಕಾದಲ್ಲಿ ಎಳೆದದ್ದು, ಬೇರೆ ಕಡೆ ಎಳೆದರೂ ನಡೆಯುತ್ತದೆ. ಎಂಥ ಸಂತೋಷ ಅದು, ಮನೆಗೆ ಬಂದು ಹೇಳಬೇಕೆನಿಸಿ ಹೇಳಿದಳು, ಬಸವಪ್ರಭು ಭೋಸರಿಯ ಕಾರ್ಖಾನೆಯ ಲೆಕ್ಕಪತ್ರದ ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ, ಹಂಗಾರ ನೀನೂ ಈ ಮನೀ ಅಕ್ಷ ಇದ್ದಂಗ ನೋಡು, ನೀ ನಿಂತಲ್ಲೇ ನಿಲ್ಲು, ನಾವೆಲ್ಲಾ ತಿರಗತೀವಿ, ಎಂದು ನಕ್ಕ. ಒಳ್ಳೆಯ ಮನಸ್ಸಿನಿಂದಲೇ ಅಂದ. ಅತ್ತೆ ರುದ್ರವ್ವ ಪಡಸಾಲೆಯಿಂದಲೇ ಖರೇ ಮಾತು ಎಂದರು. ರಂಜನಾ ರೊಟ್ಟಿ ತಟ್ಟಲು ಹೋದಳು, ಹಿಟ್ಟು ಕೈಯಲ್ಲಿ ತಿರುಗುತ್ತಿತ್ತು, ಅವಳು ನಿಂತಲ್ಲೇ ನಿಂತಿದ್ದಳು.

ರುದ್ರವ್ವನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಆ ಮಾತಿಗೆ ಕಾಲು ಬಂತು, ನಿಂತಲ್ಲೇ ನಿಲ್ಲು ಎಂಬುದಕ್ಕೆ. ಅವತ್ತು ಯೆರವಡಾ ಸೇತುವೆಯ ಮೇಲೆ ಸ್ಕೂಟರಿನಲ್ಲಿ ಬಸವಪ್ರಭು ಮುಂದೆ ನೋಡುತ್ತಲೇ ಹೇಳುತ್ತಿದ್ದ, ಗಾಳಿಯಲ್ಲಿ ಅರ್ಧ ಅರ್ಧ ಕೇಳುತ್ತಿತ್ತು, ಸಾಲಿ ಬಿಟ್ಟುಬಿಡು ರಂಜೂ, ಅವ್ವಗ ಹಗಲೊತ್ತಿನಾಗ ಯಾರದಾರ, ಪಾರವ್ವ ಎಷ್ಟ ದಿನ ಬಂದು ನೋಡ್ಯಾಳು, ಎದುರು ಮನೀ ಅಂದ್ರೂ ಆಕೀಗೂ ಸಂಸಾರ ಇರತದ. ರಂಜನಾ ಹಿಂದೆ ಅಡ್ಡ ಕೂತವಳು ತಲೆ ಆಡಿಸಿದಳು, ಇಲ್ಲ ಅಂತ, ಎಡಕ್ಕೆ ಬಲಕ್ಕೆ ಎಡಕ್ಕೆ, ಎಷ್ಟು ಚೆನ್ನಾಗಿ ಆಡಿತ್ತು ಅದು, ಸೆರಗು ಹಾರಿ ಮುಖಕ್ಕೆ ಬಡಿಯುತ್ತಿತ್ತು, ಕೆಳಗೆ ಮುಳಾ-ಮುಠಾ ನದಿ ಕೊಚ್ಚೆಯಾಗಿ ಹರಿಯುತ್ತಿತ್ತು, ಅವನ ಬೆನ್ನಿಗೆ ಕಣ್ಣಿರಲಿಲ್ಲ, ಸುಮ್ಮನಿದ್ದಾಳೆ, ಒಪ್ಪಿದಳು ಎಂದುಕೊಂಡ, ಹಂಗಾರ ನಾಳೆ ಹೆಡ್‌ಮಾಸ್ತರಿಗೆ ಹೇಳಿಬಿಡು ಎಂದ, ಮುಂದಿನ ಟೆಂಪೊ ನಿಂತಿತು, ಬ್ರೇಕು, ಆಮೇಲೆ ಆಕಾಶ ಕೆಳಗೆ ರಸ್ತೆ ಮೇಲೆ. ಅವಳು ಇಲ್ಲ ಎಂದದ್ದನ್ನು ನೋಡಿದವನು ಹಿಂದಿನ ರಿಕ್ಷಾದವನು ಒಬ್ಬನೇ ಇರಬೇಕು.

ಮಧ್ಯಾಹ್ನದ ಭೇಟಿಯ ಗಂಟೆ ಹೊಡೆಯಿತು, ಚಪ್ಪಲಿಗಳ ಸದ್ದು, ಹಣೆ, ಕನ್ನಡಕ, ಹೆಂಗದೀ. ಬಸವಪ್ರಭು ಸ್ಟೀಲಿನ ಡಬ್ಬಿಯನ್ನು ಪಕ್ಕದ ಕಪಾಟಿನ ಮೇಲೆ ಇಟ್ಟ, ಇವತ್ತು ಯಾಕೋ ಅಂಚಿಗೆ ಇಟ್ಟಿದ್ದಾನೆ, ಬಲಗಣ್ಣಿನ ಕೊನೆಯಲ್ಲಿ ಅದರ ಮುಚ್ಚಳದ ಅರ್ಧ ಕಾಣುತ್ತಿದೆ, ಉಬ್ಬಿದ ಮುಚ್ಚಳ, ಅದರಲ್ಲಿ ಕಿಟಕಿಯ ಬಿಳಿ ಚೌಕ, ಚೌಕದ ಪಕ್ಕ ಉದ್ದಕ್ಕೆ ಎಳೆದ ಅವನು. ನಾನೇ ಮಾಡೀನಿ ಜುಣಕ, ಉಪ್ಪು ಸ್ವಲ್ಪ ಹೆಚ್ಚಾಗೇದ, ಎಂದು ಕಡಲೆಹಿಟ್ಟಿನ ಆ ಮುದ್ದೆಯನ್ನು ಚಮಚದಲ್ಲಿ ತಿನ್ನಿಸಿದ, ಬಾಯಿ ಒರೆಸಿದ, ದಿನಾ ಬರುತ್ತಾನೆ, ಭೋಸರಿಯಿಂದ ಎರಡು ಬಸ್ಸು ಬದಲಿಸಿ, ಆ ಸ್ಕೂಟರನ್ನು ಅವನು ಮತ್ತೆ ಮುಟ್ಟಿಲ್ಲವಂತೆ, ಅದೂ ಅವಳಿಗೆ ಗೊತ್ತು, ಗೊತ್ತಿದ್ದರೆ ಅವನ ಮೇಲೆ ಸಿಟ್ಟಾಗುವುದು ಇನ್ನೂ ಕಷ್ಟ. ನೋಡು, ಎಂದ, ಡಾಕ್ಟರ್ ಬರಾಕತ್ತಾರ, ನಾ ಆಪರೇಷನ್‌ಗೆ ಹೂಂ ಅಂದೀನಿ, ಎರಡೂ ಎಲುಬಿಗೆ ತಂತಿ ಕಟ್ಟಿ ಕೂಡಿಸಿಬಿಡತಾರ, ಜಲ್ದಿ ಮನೀಗ ಬರತೀ. ತಿರಗೂದು, ಎಂದಳು ಅವಳು, ದವಡೆ ಪೂರ್ತಿ ತೆರೆಯಲು ಬರದೆ ಮಾತು ಹಲ್ಲಿನ ಸಂದಿಯಿಂದ ಬಂತು, ಕುತ್ತಿಗಿ ತಿರಗೂದು ಹೋಗತದಂತಲ್ಲ. ಅರ್ಧ ಅಷ್ಟ, ಅರ್ಧ ತಿರಗತದಂತ, ನಿನಗೇನು ಲಾರಿ ಹೊಡೀಲಿಕ್ಕದೇನು, ಮೈ ತಿರಗಿಸಿದ್ರಾತು — ತಮಾಷೆಗೆ ಅಂದದ್ದು, ಅವನಿಗೂ ನಗು ಬರಲಿಲ್ಲ, ಇಲ್ಲಾಂದ್ರ ಇನ್ನ ಎಷ್ಟೋ ತಿಂಗಳು ಹಿಂಗ ಮಲಗಿರಬೇಕು, ಕೂಡತದೋ ಇಲ್ಲೋ ಗ್ಯಾರಂಟಿ ಇಲ್ಲ, ಅವ್ವ ದಿನಾ ಕೇಳತಾಳ ರಂಜೂ ಎಂದ ಬರತಾಳಂತ, ಅವ್ವನ ಬೆನ್ನಾಗ ಹುಣ್ಣ ಬಿದ್ದಾವ ರಂಜೂ, ನನ್ನ ಕಡೆ ಆಗವಲ್ದು. ಅವನ ದನಿ ಒಡೆಯಿತು. ಮುಚ್ಚಳದಲ್ಲಿ ಅವನು ಬಾಗಿ ಇನ್ನೂ ಉದ್ದವಾದ. ಬ್ಯಾಡ್ರಿ, ಎಂದಳು. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ, ಬ್ಯಾಡ್ರಿ ಎನ್ನುವುದು ಅವರ ಮನೆಯಲ್ಲಿ ಚಹಾ ಬೇಡ ಎನ್ನುವ ಮಾತು, ಇನ್ನೊಮ್ಮೆ ಒತ್ತಾಯಿಸಿದರೆ ಬೇಕಾಗುವ ಮಾತು.

ಡಾಕ್ಟರ್ ಬಾಪಟ ಬಂದರು, ಮೇಲಿನಿಂದ, ಅಂಗಿಯ ಜೇಬಿನ ಪೆನ್ನು ಮೊದಲು. ಹಾಗಾದರೆ ಬಾಯಿ, ಗುರುವಾರ ಮಾಡೋಣವೇ, ಎಂದು ಮರಾಠಿಯಲ್ಲಿ ಕೇಳಿದರು. ಗೂಟಕ್ಕೆ ತಂತಿ ಬಿಗಿದ ಮೋಸಂಬಿ, ತಿರುಗದ ಮೋಸಂಬಿ, ತಿರುಗದೆ ಹೋದರೆ ಅಕ್ಷ ಎಲ್ಲಿ ಟೀಚರ್, ತಿರುಗದಿದ್ದರೆ ಅದು ಬರೀ ಎಲುಬು, ಅತ್ತೆಯ ಬೆನ್ನಿನ ಹುಣ್ಣು, ಅಯ್ಯೋ ಆ ಹುಣ್ಣನ್ನು ತೊಳೆಯುವವರು ಯಾರು, ಹೂಂ ಅಂದುಬಿಡು, ಹೌದು ಎನ್ನುವ ಕೀಲು ಚೆನ್ನಾಗಿದೆ, ಒಂದು ಕೂದಲೆಳೆಯಷ್ಟು ಗದ್ದ ಇಳಿಸಿದರೆ ಸಾಕು ಎಲ್ಲರಿಗೂ ಅರ್ಥವಾಗುತ್ತದೆ. ಬ್ಯಾಡ, ಎಂದಳು ರಂಜನಾ. ರಿ ಇಲ್ಲದೆ. ತನ್ನ ಕಿವಿಗೇ ಅದು ಬೇರೆ ಯಾರದೋ ದನಿಯಂತೆ ಕೇಳಿಸಿತು. ಕಾಯ್ ಮ್ಹಣತಾತ್, ಏನನ್ನುತ್ತಾರೆ, ಎಂದರು ಕನ್ನಡ ಬಾರದ ಡಾಕ್ಟರು ಬಸವಪ್ರಭುವಿನ ಕಡೆ ತಿರುಗಿ, ಎಷ್ಟು ಸುಲಭವಾಗಿ ತಿರುಗಿದರು, ಹೆದರ್ಯಾಳ ಡಾಕ್ಟರ್, ಘಾಬರಲೀ ಆಹೆ, ನೀವು ತಯಾರಿ ಮಾಡ್ರಿ, ಎಂದ ಅವನು ಎರಡೂ ಭಾಷೆ ಬೆರೆಸಿ. ಮತ್ತೆ ಸೇತುವೆ, ಮತ್ತೆ ಅವನ ಬೆನ್ನು, ಮತ್ತೆ ಗಾಳಿಯಲ್ಲಿ ಅವಳ ಪರವಾಗಿ ಅವನ ಮಾತು. ನಕೋ, ಎಂದಳು ಅವಳು, ಅದೇ ಬ್ಯಾಡವನ್ನು ಈ ಸಲ ಡಾಕ್ಟರ ಮರಾಠಿಯಲ್ಲೇ, ಗಂಟಲು ಉರಿಯುವಷ್ಟು ಜೋರಾಗಿ, ನಕೋ ಡಾಕ್ಟರ್, ಮಲಗಿರುತ್ತೇನೆ, ಕೂಡಿದರೆ ಕೂಡಲಿ, ಮೀ ನಾಹೀ ಮ್ಹಣತೆ, ಇಲ್ಲ ಅನ್ನುತ್ತಿದ್ದೇನೆ ನಾನು. ಡಾಕ್ಟರು ಅವಳ ಕಣ್ಣಿಗೆ ನೇರ ಬಗ್ಗಿದರು, ಠೀಕ್ ಆಹೆ ಬಾಯಿ, ಕಾಯೋಣ, ಕಷ್ಟ ಇದೆ, ಎಂದರು, ಪೆನ್ನು ಕಣ್ಣಿನಿಂದ ಸರಿಯಿತು, ಬೂಟಿನ ಸದ್ದು ಮುಂದಿನ ಮಂಚಕ್ಕೆ ಹೋಯಿತು.

ಬಸವಪ್ರಭು ಎಲ್ಲಿ. ಹಣೆ ಇಲ್ಲ, ಕನ್ನಡಕ ಇಲ್ಲ, ಛತ್ತು ಮಾತ್ರ, ಸಿಟ್ಟಾದನೇ, ಅಳುತ್ತಿದ್ದಾನೆಯೇ, ಹೋಗಿಬಿಟ್ಟನೇ, ರೀ, ಎಂದಳು, ಇನ್ನು ಎಷ್ಟು ತಿಂಗಳೋ ಇದೇ ಛತ್ತು, ಅದನ್ನು ತಾನೇ ಬೇಡಿ ತಗೊಂಡಿದ್ದಾಳೆ, ಬಲಕ್ಕೆ ಒಂದಿಷ್ಟು ತಿರುಗಿ ಅವನ ಮುಖ ನೋಡಿದರೆ ಎಲ್ಲ ತಿಳಿಯುತ್ತಿತ್ತು, ರೀ ಇದೀರೇನ್ರಿ, ತಿರುಗುವಂತಿಲ್ಲ, ಕಣ್ಣನ್ನೇ ಹೊರಳಿಸಿದಳು, ನೋವಾಗುವ ತನಕ, ಕಣ್ಣಿನ ಕೊನೆಯ ಕೊನೆಗೆ, ಡಬ್ಬಿಯ ಮುಚ್ಚಳ, ಮುಚ್ಚಳದಲ್ಲಿ ಕಿಟಕಿಯ ಬಿಳಿ ಚೌಕ, ಚೌಕದ ಪಕ್ಕ ಕಪ್ಪಗೆ ಉದ್ದಕ್ಕೆ ಏನೋ, ಪರದೆಯೋ, ಅವನೋ, ಅಲುಗಿದರೆ ಅವನು, ಅಲುಗುತ್ತಿಲ್ಲ, ಡಬ್ಬಿಯ ಮುಚ್ಚಳ, ಬಿಳಿ ಚೌಕ, ಪಕ್ಕದಲ್ಲಿ ಆ ಕಪ್ಪು ಗೆರೆ, ಬಾಗಿದ ಗೆರೆ —