ಸಿಳ್ಳೆ ಹಾಕುವ ರೆಕ್ಕೆ

ಬಯಲುಗಳು ಇನ್ನೂ ಬಯಲಾಗಿಯೇ ಇದ್ದ ಕಾಲದಲ್ಲಿ, ಮೋಟರಿಲ್ಲದ ಹಕ್ಕಿಗಳನ್ನು ಮಾಡುವ ಬಡಗಿಯೊಬ್ಬನಿದ್ದನಂತೆ. ಅವನ ಹಕ್ಕಿಗಳಿಗೆ ಮೇವು ಬೇಡ, ನೀರು ಬೇಡ. ಬಿಸಿಲಿಗೆ ಮೇಲೇಳುವ ಗಾಳಿಯೊಂದಿದ್ದರೆ ಮಧ್ಯಾಹ್ನವಿಡೀ ತೇಲುತ್ತಿದ್ದವಂತೆ. ಕಥೆಯಲ್ಲಾದರೆ ಇಂಥ ಬಡಗಿಗೆ ರಾಜಕುಮಾರಿಯೊಬ್ಬಳು ಸಿಗಬೇಕು. ಈ ಬಡಗಿಗೆ ಸಿಕ್ಕಿದ್ದು ತಮ್ಮನ ಮಗಳು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು.

ಊರಿನವರ ಕಣ್ಣಿಗೆಲ್ಲ ಗಾಜು ಹೊಂದಿಸುವ ಅವಳ ಬಳಿ ದೊಡ್ಡಪ್ಪನ ಕಣ್ಣಿಗೆ ಹೊಂದುವ ಗಾಜು ಮಾತ್ರ ಇರಲಿಲ್ಲ. ಅವನ ನೋಟದ ನಡುವೆ ಮಬ್ಬು ಕಲೆಯೊಂದು ಕೂತು ಹರಡುತ್ತಿತ್ತು. ಇನ್ನೇನೂ ಮಾಡಲಾಗದೆಂದು ಕಣ್ಣಿನ ಡಾಕ್ಟರು ಹೇಳಿದ ಮೇಲೆ ಅವನು ಮನೆಗೆ ಬಂದು, ಅರ್ಧ ಮಾಡಿಟ್ಟಿದ್ದ ಮೂರು ಮೀಟರ್ ರೆಕ್ಕೆಯ, ರಿಮೋಟಿನಲ್ಲಿ ಹಾರಿಸುವ ಗ್ಲೈಡರ್ ವಿಮಾನವನ್ನು ಬೆರಳಲ್ಲೇ ತಡವಿ ತಡವಿ ಮುಗಿಸಿದ.

"ಒಂದ್ಸಲ ಹಾರಿಸಿಬಿಡು ಪುಟ್ಟಿ," ಎಂದ. "ಕಾಣ್ಬೇಕಂತೇನಿಲ್ಲ. ತಲೆ ಮೇಲೆ ಹೋಗುವಾಗ ಸಿಳ್ಳೆ ಕೇಳಿಸಿದ್ರೆ ಸಾಕು ನಂಗೆ."

ಎರಡು ರೆಕ್ಕೆ ಕೂಡುವಲ್ಲಿ ಕೂದಲೆಳೆಯಷ್ಟು ಸಂದು ಬಿಡುವುದು ಅವನ ರೂಢಿ. ಗ್ಲೈಡರು ಕೆಳಗಿಳಿದು ಬರುವಾಗ ಆ ಸಂದಿನಲ್ಲಿ ಗಾಳಿ ಸಿಳ್ಳೆ ಹಾಕುತ್ತಿತ್ತು. ಊರಿನ ಪುಟ್ಟ ವಿಮಾನಗಳ ಕ್ಲಬ್ಬಿನವರು ಅದನ್ನು ತಪ್ಪು ಎನ್ನುತ್ತಿದ್ದರು, ಅವನು ಸಹಿ ಎನ್ನುತ್ತಿದ್ದ.

"ಹಾರಿಸ್ತೀನಿ ದೊಡ್ಡಪ್ಪ. ನಿನ್ನಾಣೆ."

ಅಷ್ಟರಲ್ಲಿ ಕ್ಲಬ್ಬಿನ ಬಯಲು ಕುಗ್ಗಿಹೋಗಿತ್ತು. ಮೂರು ಕಡೆ ಮನೆಗಳೆದ್ದು, ರಬ್ಬರ್ ಹಗ್ಗವನ್ನು ನೂರೈವತ್ತು ಮೀಟರ್ ಎಳೆದು ಗ್ಲೈಡರನ್ನು ಮೇಲಕ್ಕೆ ಚಿಮ್ಮಿಸಲು ಜಾಗವೇ ಉಳಿದಿರಲಿಲ್ಲ. ಹಗ್ಗ ಶೆಡ್ಡಿನ ಮೂಲೆಯಲ್ಲಿ ಸುರುಳಿ ಸುತ್ತಿ ಮಲಗಿತ್ತು.

"ಮೋಟರ್ ಇಲ್ದೆ ಇನ್ನಿಲ್ಲಿ ಏನೂ ಏಳಲ್ಲಮ್ಮ," ಎಂದರು ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರು. "ಮೂತಿ ಕೊಯ್ದು ಮೋಟರ್ ಕೂರಿಸು. ನಾವೆಲ್ಲ ಅದನ್ನೇ ಮಾಡಿದ್ದು."

"ನಿಮಗೇನು ಸಾರ್, ಕಿತ್ತು ಬೇರೆ ಕೂರಿಸೋದು ನಿಮ್ಮ ಕಸುಬೇ."

"ತಗೊಂಬಾ, ನೋವಾಗ್ದಂಗೆ ಕೂರಿಸ್ಕೊಡ್ತೀನಿ," ಎಂದು ನಕ್ಕರು. ಬೈಯಲು ಯಾರಾದರೂ ಕೆಟ್ಟವರು ಸಿಕ್ಕಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಗರಗಸ ಹಿಡಿದವಳು ಅವಳೇ. ದೊಡ್ಡಪ್ಪ ಮೂತಿಯನ್ನು ಕೂಸಿನ ತಲೆಯಂತೆ ಹಿಡಿದು ಕೂತಿದ್ದ. ತುದಿ ಕಳಚಿದಾಗ ಒಳಗಿಂದ ಸೀಸದ ಗುಂಡುಗಳು ಮೇಜಿನ ಮೇಲೆ ಉದುರಿದವು. ಹಿಂದೆ ಮುಂದೆ ಸಮತೂಕವಿರಲೆಂದು ಅವನೇ ತುಂಬಿಸಿದ್ದ ಗುಂಡುಗಳವು. ಇನ್ನು ಆ ಕೆಲಸ ಬ್ಯಾಟರಿಯದು. ಅವನು ಒಂದೊಂದನ್ನೇ ತಡವಿ ಆರಿಸಿ ಜೇಬಿಗೆ ಹಾಕಿಕೊಂಡ.

"ಅದ್ಯಾಕೆ ದೊಡ್ಡಪ್ಪ?"

"ಅದಕ್ಕೆ ಬೇಡವಾದ್ರೆ ನಂಗಿರ್ಲಿ. ನಾನೂ ಹಾರಿಹೋಗ್ಬಾರ್ದಲ್ಲ."

ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ಜೇನು ಎದ್ದಂತೆ ಮೋಟರುಗಳ ಗುಂಯ್‌ಗುಡಿತ. ಹಲ್ಲಿನ ಡಾಕ್ಟರು ಎಲ್ಲರಿಗೂ ತಮ್ಮ ವಿಮಾನಗಳನ್ನು ಇಳಿಸಲು ಹೇಳಿದರು. ತಂತಿಬೇಲಿಯ ಮುಂದೆ ಮಡಚುಕುರ್ಚಿ ಹಾಕಿ ಅವಳು ದೊಡ್ಡಪ್ಪನನ್ನು ಕೂರಿಸಿದಳು.

"ರಿಮೋಟಿನ ಎಡಗಡೆ ಸ್ಟಿಕ್ಕು ಈಗ ಬ್ರೇಕ್ ಅಲ್ಲ, ಮೋಟರು. ನೆನಪಿರ್ಲಿ," ಎಂದರು ಡಾಕ್ಟರು.

"ಗೊತ್ತು ಸಾರ್."

ದೊಡ್ಡಪ್ಪ ಕಲಿಸಿದ ಹಳೆಯ ರಿಮೋಟಿನಲ್ಲಿ ಆ ಸ್ಟಿಕ್ಕನ್ನು ಮುಂದೆ ತಳ್ಳಿದರೆ ರೆಕ್ಕೆಯ ಮೇಲೆ ಬ್ರೇಕಿನ ಪಟ್ಟಿಗಳೆದ್ದು ಗ್ಲೈಡರು ಮೆತ್ತಗೆ ಇಳಿಯುತ್ತಿತ್ತು. ಅವಳಿಗೆ ಗೊತ್ತಿತ್ತು, ನಿಜ. ಹತ್ತು ವರ್ಷ ಅದನ್ನೇ ಮಾಡಿದ ಹೆಬ್ಬೆರಳಿಗೆ ಗೊತ್ತಿರಲಿಲ್ಲ.

ಗ್ಲೈಡರು ಕಿರುಚುತ್ತಾ ಎದ್ದಿತು. "ಮಿಕ್ಸಿ ತಿರುಗಿದಂಗಿದೆಯಲ್ಲೇ," ಎಂದು ದೊಡ್ಡಪ್ಪ ಮುಖ ಕಿವುಚಿದ. ಎತ್ತರದಲ್ಲಿ ಅವಳು ಮೋಟರು ನಿಲ್ಲಿಸಿದಳು. ಬಯಲೆಲ್ಲ ತಣ್ಣಗಾಯಿತು. ಎರಡು ಸುತ್ತು ಹಾಕಿಸಿ ಕುರ್ಚಿಯತ್ತ ತಿರುಗಿಸಿದಳು. ಇನ್ನೂ ಎತ್ತರವಿತ್ತು, ಇಳಿಸಬೇಕಿತ್ತು. ಹೆಬ್ಬೆರಳು ತಾನಾಗಿಯೇ ಮುಂದೆ ಹೋಯಿತು. ಮೋಟರು ಆರ್ಭಟಿಸಿ, ಗ್ಲೈಡರು ದೊಡ್ಡಪ್ಪನನ್ನೂ ಬೇಲಿಯನ್ನೂ ದಾಟಿ ನೆಗೆಯಿತು.

"ಬಂತಾ?"

"ಇಲ್ಲ ದೊಡ್ಡಪ್ಪ. ಇನ್ನೂ ಇಲ್ಲ."

ಮತ್ತೆ ತಂದಳು, ಮತ್ತೆ ಅದೇ ಆಯಿತು. ಬೆರಳಿಗೆ ಬೈದುಕೊಂಡು ಮೂರನೆಯ ಸಲ ಮೇಲೇರಿಸುವಾಗ ರಿಮೋಟು ಪೀಂ ಪೀಂ ಎಂದಿತು. ನಡುದಾರಿಯಲ್ಲೇ ಮೋಟರು ನಿಂತಿತು.

"ಬ್ಯಾಟರಿ ಮುಗೀತು," ಎಂದರು ಡಾಕ್ಟರು, ಅವಳ ಕಿವಿಯ ಹತ್ತಿರ, ಮೆಲ್ಲಗೆ. "ತಿರುಗಿಸೋಕಷ್ಟೇ ಉಳಿದಿದೆ. ಅಲ್ಲೇ ಆಚೆ ಹುಲ್ಲಿನ ಮೇಲೆ ಇಳಿಸಮ್ಮ, ಉಳಿಯುತ್ತೆ. ಬ್ರೇಕಿಲ್ಲ. ಇಲ್ಲಿಗೆ ತಂದ್ರೆ ಸೀದಾ ಬೇಲಿಗೆ."

ಅವಳು ಹುಲ್ಲನ್ನು ನೋಡಿದಳು. ಇನ್ನೊಂದು ದಿನ ಹಾರಿಸಬಹುದು. ಇನ್ನೊಂದು ದಿನವೂ ಇದೇ ಬಯಲು, ಇದೇ ಹೆಬ್ಬೆರಳು. ದೊಡ್ಡಪ್ಪನಿಗೆ ಇನ್ನೊಂದು ಇಂಥದ್ದನ್ನು ಮಾಡುವ ಕಣ್ಣಿಲ್ಲ. ಏನು ಮಾಡಿದರೂ ಏನೋ ಒಂದು ಕೈತಪ್ಪುತ್ತಿತ್ತು.

ಗ್ಲೈಡರನ್ನು ಕುರ್ಚಿಯ ಕಡೆಗೆ ತಿರುಗಿಸಿದಳು.

ದೊಡ್ಡಪ್ಪ ಸದ್ದು ನಿಂತದ್ದನ್ನು ಗಮನಿಸಿದ್ದ. "ನನ್ನ ಹಿಂದೆ ಬೇಲಿ ಎಷ್ಟು ದೂರ ಇದೆ ಪುಟ್ಟಿ?"

"ಬೇಕಾದಷ್ಟು ದೂರ ಇದೆ ದೊಡ್ಡಪ್ಪ."

ಅವನು ಜೇಬಿನ ಗುಂಡುಗಳನ್ನು ಮುಷ್ಟಿಯಲ್ಲಿ ಹಿಡಿದು, ನಡುವಿನ ಕಲೆಯನ್ನು ತಪ್ಪಿಸಿ ನೋಡುವವನಂತೆ ಮುಖವನ್ನು ಓರೆಯಾಗಿ ಮೇಲೆತ್ತಿದ. ಅವಳು ಎರಡೂ ಹೆಬ್ಬೆರಳುಗಳನ್ನು ಸ್ಟಿಕ್ಕುಗಳ ಮೇಲಿಂದ ತೆಗೆದಳು. ಇನ್ನು ಅವುಗಳಿಗೆ ಕೆಲಸವಿರಲಿಲ್ಲ.

ಬೆಳ್ಳಗಿನ ರೆಕ್ಕೆ ಕುರ್ಚಿಯ ಮೇಲಿಂದ, ಒಂದಾಳೆತ್ತರದಲ್ಲಿ, ಉದ್ದಕ್ಕೆ, ತೆಳ್ಳಗೆ ಸಿಳ್ಳೆ ಹಾಕುತ್ತಾ ಹಾದುಹೋಯಿತು.

"ಬಂತು," ಎಂದ ದೊಡ್ಡಪ್ಪ.