ಹದಿನೇಳನೇ ಲೆಕ್ಕದ ಬೇಕರಿ

ನಮ್ಮ ಕ್ಲಾಸಿನಲ್ಲಿ ಅರವತ್ತೆರಡು ಜನ ಇದ್ದೆವು. ಅದರಲ್ಲಿ ಅರವತ್ತು ಕುರಿಗಳು, ಒಬ್ಬ ನಾನು, ಇನ್ನೊಬ್ಬಳು ನನ್ನ ಅಕ್ಕ. ಕುರಿಗಳಿಗೆ ಅವಮಾನವಾಗಿದ್ದರೆ ಕ್ಷಮೆಯಿರಲಿ. ಕುರಿ ಕೊನೇಪಕ್ಷ ಹುಲ್ಲನ್ನು ಮೂಸಿ ನೋಡಿ ತಿನ್ನುತ್ತದೆ.

ಪೇಪರಿನ ಹೆಸರು ಅರ್ಥಶಾಸ್ತ್ರಕ್ಕೆ ಬೇಕಾದ ಗಣಿತ. ಕಲಿಸುವವರು ಸೊನ್ನೆ ಮೇಷ್ಟ್ರು. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಇಪ್ಪತ್ತೆರಡು ವರ್ಷದಿಂದ ಅವರ ಬಾಯಲ್ಲಿ ಇರುವುದು ಒಂದೇ ಡೈಲಾಗು: "ಡಿಫರೆನ್ಷಿಯೇಟ್ ಮಾಡು, ಸೊನ್ನೆಗೆ ಸಮ ಹಾಕು, ಮುಗೀತು ಕಥೆ." ಹೇಳಿ ಮುಗಿಸಿದ ಮೇಲೆ ಸೀಮೆಸುಣ್ಣವನ್ನು ಮೇಜಿನ ಮೇಲೆ ಎಸೆದು ಕಿಟಕಿಯ ಕಡೆ ತಿರುಗುತ್ತಾರೆ. ಹಿಂದೆ ತಮಟೆ ಬಾರಿಸುವವರು ಯಾರೂ ಇಲ್ಲವಲ್ಲ ಎಂಬ ಕೊರಗು ಅವರ ಬೆನ್ನಿನಲ್ಲೇ ಕಾಣುತ್ತದೆ.

ಗಣಿತ ಅಂದರೆ ಮೂರ್ಛೆ ಹೋಗುವವರಿಗೂ ಇದು ಅರ್ಥವಾಗುತ್ತದೆ, ಕೇಳಿ. ಲಾಭದ ಗೆರೆ ಎಳೆದರೆ ಅದು ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಡಿಫರೆನ್ಷಿಯೇಟ್ ಮಾಡುವುದೆಂದರೆ ಆ ಗೆರೆಯ ಇಳಿಜಾರು ಎಷ್ಟೆಂದು ಕಂಡುಹಿಡಿಯುವುದು. ನೆತ್ತಿಯ ಮೇಲೆ ನಿಂತಾಗ ನೆಲ ಸಮತಟ್ಟು, ಇಳಿಜಾರು ಸೊನ್ನೆ. ಅದಕ್ಕೇ ಸೊನ್ನೆಗೆ ಸಮ ಹಾಕುವುದು. ಆದರೆ ಗುಂಡಿಯ ತಳದಲ್ಲೂ ನೆಲ ಸಮತಟ್ಟೇ. ಸೊನ್ನೆ ಸಿಕ್ಕಿತು ಎಂದು ಕುಣಿಯುವ ಮೊದಲು ಇನ್ನೊಂದು ಸಲ ಡಿಫರೆನ್ಷಿಯೇಟ್ ಮಾಡಿ, ನಿಂತಿರುವುದು ಗುಡ್ಡದ ಮೇಲೋ ಗುಂಡಿಯಲ್ಲೋ ಎಂದು ನೋಡಿಕೊಳ್ಳಬೇಕು. ಮೈನಸ್ ಬಂದರೆ ಗುಡ್ಡ, ಪ್ಲಸ್ ಬಂದರೆ ಗುಂಡಿ. ಒಂದು ಸಾಲಿನ ಕೆಲಸ. ಟೈಮ್ ಉಳಿಸಲು ಮೇಷ್ಟ್ರು ಆ ಸಾಲಿಗೆ ಕತ್ತರಿ ಹಾಕಿದ್ದರು. ಉಳಿದ ಟೈಮಿನಲ್ಲಿ ಅವರು ಏನು ಕಡಿದು ಕಟ್ಟೆ ಹಾಕಿದರು ಎಂಬುದು ತಿಳಿದುಬಂದಿಲ್ಲ.

ಅವರದು ನಲವತ್ತು ಅಭ್ಯಾಸ ಲೆಕ್ಕಗಳ ಒಂದು ಹಾಳೆ. ವರ್ಷದ ಪರೀಕ್ಷೆಗೆ ಬರುವುದು ಆ ನಲವತ್ತರಲ್ಲೇ, ಅಂಕಿ ಕೂಡ ಬದಲಾಗುವುದಿಲ್ಲ. ಹಾಗಾಗಿ ನಮ್ಮ ಕ್ಲಾಸಿನಲ್ಲಿ ಲೆಕ್ಕ ಮಾಡುವುದಿಲ್ಲ, ಬಾಯಿಪಾಠ ಮಾಡುತ್ತಾರೆ. ಮೊದಲ ಬೆಂಚಿನ ಟೇಪ್ ರೆಕಾರ್ಡರ್ ಅಂತೂ ನಂಬರ್ ಹೇಳಿದರೆ ಸಾಕು, ಉತ್ತರ ಉಗುಳುತ್ತಾನೆ. "ಒಂಬತ್ತು?" "ಹನ್ನೆರಡೂವರೆ!" "ಮೂವತ್ತೊಂದು?" "ಮೂರನೇ ಒಂದು!" ಏನು, ಎತ್ತ, ಕೇಳಬೇಡಿ. ಕ್ಯಾಸೆಟ್ಟಿಗೆ ಹಾಡಿನ ಅರ್ಥ ಕೇಳಿದ ಹಾಗಾಗುತ್ತದೆ.

ಇನ್ನು ಅಕ್ಕ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಡಿಗ್ರಿಯ ಎಲ್ಲ ಪೇಪರೂ ಪಾಸಾಗಿ ಈ ಒಂದರಲ್ಲಿ ಎರಡು ಸಲ ಉರುಳಿದ್ದಳು. ನಿಯಮದ ಪ್ರಕಾರ ಮೂರು ಸಲ ಮಾತ್ರ ಅವಕಾಶ, ಪರೀಕ್ಷೆಗೆ ಕೂರದಿದ್ದರೂ ಅದು ಲೆಕ್ಕಕ್ಕೆ. ಈ ಸಲವೂ ಹೋದರೆ ಡಿಗ್ರಿಯೇ ಹೋದಂತೆ. ಬೆಳಗಿನ ಪಾಳಿ ಬೇಕರಿಯಲ್ಲಿ ಒಲೆಯ ಮುಂದೆ ನಿಂತು, ಕೈಗೆ ಹತ್ತಿದ ಹಿಟ್ಟನ್ನು ಕೂಡ ಪೂರ್ತಿ ತೊಳೆಯದೆ, ಹತ್ತು ಗಂಟೆಯ ಕ್ಲಾಸಿಗೆ ಬಂದು ತಮ್ಮನ ಪಕ್ಕ ಕೂರುತ್ತಿದ್ದಳು. ಕುರಿಗಳು ಅವಳನ್ನು ಆಂಟಿ ಎನ್ನುತ್ತಿದ್ದವು.

ಹಾಳೆಯ ಶಾಯಿ ಮಾಸಿಹೋಗಿದೆ, ಹೊಸದಾಗಿ ಟೈಪ್ ಮಾಡಿಕೊಡು ಎಂದು ಮೇಷ್ಟ್ರು ನನಗೆ ಹೇಳಿದ್ದು ಪರೀಕ್ಷೆಗೆ ಆರು ವಾರ ಇರುವಾಗ. ಅವರೇ ಒಂದು ಬೆರಳಿನಲ್ಲಿ ಟೈಪ್ ಮಾಡಿದರೆ ಲೆಕ್ಕ ಏಳಕ್ಕೆ ಬರುವಷ್ಟರಲ್ಲಿ ನಿವೃತ್ತಿಯಾಗುತ್ತಿತ್ತು. ವಿಭಾಗದ ಕೋಣೆಯಲ್ಲಿ, ಒಂದು ಕಾಲು ಕುಂಟುವ ಕುರ್ಚಿಯ ಮೇಲೆ ಕೂತು ನಾನು ಹದಿನಾರು ಲೆಕ್ಕ ಪ್ರಾಮಾಣಿಕವಾಗಿ ಟೈಪ್ ಮಾಡಿದೆ. ಹದಿನೇಳನೆಯದು ಬಂತು.

"ಒಂದು ಬೇಕರಿ ದಿನಕ್ಕೆ ಕ್ಯೂ ಎಂಬಷ್ಟು ಟ್ರೇ ಬ್ರೆಡ್ ಮಾಡಿದರೆ ಅದರ ಲಾಭ: ಮೈನಸ್ ಎರಡು ಕ್ಯೂ ವರ್ಗ, ಪ್ಲಸ್ ಎಂಬತ್ತು ಕ್ಯೂ, ಮೈನಸ್ ಮುನ್ನೂರು. ಗರಿಷ್ಠ ಲಾಭಕ್ಕೆ ಎಷ್ಟು ಟ್ರೇ ಮಾಡಬೇಕು?" ಉತ್ತರ ಇಪ್ಪತ್ತು.

ನನ್ನೊಳಗಿನ ಖಳನಾಯಕ ಕನ್ನಡಕ ತೆಗೆದು ನಕ್ಕ. ಮೂರು ಚಿಹ್ನೆಗಳನ್ನೂ ತಿರುಗಿಸಿದೆ. ಪ್ಲಸ್ ಎರಡು ಕ್ಯೂ ವರ್ಗ, ಮೈನಸ್ ಎಂಬತ್ತು ಕ್ಯೂ, ಪ್ಲಸ್ ಮುನ್ನೂರು. ಚಮತ್ಕಾರ ನೋಡಿ: ಡಿಫರೆನ್ಷಿಯೇಟ್ ಮಾಡಿ ಸೊನ್ನೆಗೆ ಸಮ ಹಾಕಿದರೆ ಈಗಲೂ ಇಪ್ಪತ್ತೇ ಬರುತ್ತದೆ. ಆದರೆ ಗುಡ್ಡ ಮಗುಚಿ ಗುಂಡಿಯಾಗಿದೆ. ಇಪ್ಪತ್ತು ಟ್ರೇ ಮಾಡಿದರೆ ಬೇಕರಿಗೆ ಐನೂರು ನಷ್ಟ! ಅರವತ್ತೆರಡು ಜನರಲ್ಲಿ ಒಬ್ಬನಾದರೂ ಮೂಸಿ ನೋಡುತ್ತಾನಾ ಎಂಬುದು ನನ್ನ ಪ್ರಯೋಗ. ಕೊನೆಯ ಕ್ಲಾಸಿನಲ್ಲಿ ಎದ್ದು ನಿಂತು ಗುಟ್ಟು ಬಿಚ್ಚಿ ಎಲ್ಲರ ಮುಖಕ್ಕೆ ಮಸಿ ಬಳಿಯುವುದು ಕ್ಲೈಮ್ಯಾಕ್ಸು.

ಹೊಸ ಹಾಳೆ ಎಲ್ಲರ ಕೈ ಸೇರಿತು, ಯಾರೂ ಮೂಸಲಿಲ್ಲ. ಟೇಪ್ ರೆಕಾರ್ಡರ್ ಬೋರ್ಡಿನ ಮೇಲೆ ಮೂರು ಸಾಲಿನಲ್ಲಿ ಇಪ್ಪತ್ತು ಎಂದು ಬರೆದು ಎರಡು ಗೆರೆ ಎಳೆದ. ನಾನು ಹಾಲುಗಲ್ಲದ ಮುಖ ಮಾಡಿ ಕೇಳಿದೆ:

"ಸಾರ್, ಇಪ್ಪತ್ತು ಟ್ರೇ ಮಾಡಿದ್ರೆ ಲಾಭ ಎಷ್ಟಾಗುತ್ತೆ ಸಾರ್?"

"ಪ್ರಶ್ನೆಲಿ ಕೇಳಿದಾರೇನೋ?"

"ಇಲ್ಲ ಸಾರ್."

"ಮತ್ತೆ ನಿಂಗ್ಯಾಕೆ ಊರ ಉಸಾಬರಿ? ಕೂತ್ಕೋ."

ಕುರಿಗಳೆಲ್ಲ ಕಿಸಕ್ಕೆಂದವು. ನಾನೂ ನಕ್ಕೆ. ಅವರು ನಗುತ್ತಿದ್ದುದು ಯಾರನ್ನು ನೋಡಿ ಎಂದು ಅವರಿಗೇ ಗೊತ್ತಿರಲಿಲ್ಲ.

ಮೂಸಿದವಳು ಒಬ್ಬಳೇ. ಅಡುಗೆಮನೆಯ ಮೇಜಿನ ಮೇಲೆ, ಬ್ರೆಡ್ ಸುತ್ತುವ ಕಾಗದದ ಹಿಂಬದಿಯಲ್ಲಿ ಅಕ್ಕ ಲೆಕ್ಕ ಮಾಡುತ್ತಿದ್ದಳು. ಅವಳಿಗೆ ಸೂತ್ರದ ಮೇಲೆ ನಂಬಿಕೆಯಿಲ್ಲ. ಕ್ಯೂ ಜಾಗದಲ್ಲಿ ಸೊನ್ನೆ, ಐದು, ಹತ್ತು, ಹದಿನೈದು ಎಂದು ಒಂದೊಂದೇ ಹಾಕಿ, ಗುಣಿಸಿ, ಕಳೆದು, ಪಟ್ಟಿ ಮಾಡಿ ನೋಡಬೇಕು. ಬೇರೆಯವರು ಐದು ನಿಮಿಷದಲ್ಲಿ ಮುಗಿಸುವುದಕ್ಕೆ ಇವಳಿಗೆ ಅರ್ಧ ಗಂಟೆ. ಎರಡು ಸಲ ಫೇಲಾದದ್ದು ಇದರಿಂದಲೇ. "ಮೇಡಂ, ಬಸ್ಸು ಬಿಟ್ಟು ನಡ್ಕೊಂಡೇ ಹೊರಟ್ರಾ?" ಎಂದು ನಾನು ದಿನವೂ ಛೇಡಿಸುತ್ತಿದ್ದೆ.

"ಲೋ, ಈ ಹದಿನೇಳು ನೋಡೋ," ಅಂದಳು ಒಂದು ದಿನ. "ಬಾಗಿಲೇ ತೆಗೀದೆ ಮನೇಲಿ ಮಲಗಿದ್ರೆ ಮುನ್ನೂರು ಲಾಭ. ಐದು ಟ್ರೇಗೆ ಐವತ್ತು ನಷ್ಟ, ಹತ್ತಕ್ಕೆ ಮುನ್ನೂರು ನಷ್ಟ, ಇಪ್ಪತ್ತಕ್ಕೆ ಐನೂರು. ಇದ್ಯಾವ ಸೀಮೆ ಬೇಕರಿನೋ? ಇಂಥದಕ್ಕೆ ಬೀಗ ಜಡಿಯೋದೇ ವಾಸಿ."

ಗುಟ್ಟು ಗಂಟಲವರೆಗೆ ಬಂತು. ಕ್ಲೈಮ್ಯಾಕ್ಸಿಗೆ ಮೊದಲೇ ಯಾರಾದರೂ ಕಥೆ ಹೇಳುತ್ತಾರಾ? ನುಂಗಿಕೊಂಡೆ.

"ನಿಂದೇ ಎಲ್ಲೋ ತಪ್ಪಿರ್ಬೇಕು. ಉತ್ತರ ಇಪ್ಪತ್ತು ಅಂತ ಅಚ್ಚಾಗಿದೆಯಲ್ಲ, ಬರ್ಕೊಂಡು ಬಿಸಾಕು."

"ಬೇಕರಿಲಿ ಕೆಲಸ ಮಾಡೋಳು ನಾನು ಕಣೋ. ಮನಸ್ಸು ಒಪ್ಪಬೇಡ್ವಾ?"

ಮರುದಿನ ಮತ್ತೆ ಮೊದಲಿನಿಂದ ಮಾಡಿದಳು. ಅದರ ಮರುದಿನವೂ. ಬ್ರೆಡ್ ಕಾಗದದ ರಾಶಿ ಬೆಳೆಯಿತು. ನಾನು ಅದರ ಮೇಲೆ ಟೀ ಲೋಟ ಇಟ್ಟೆ.

ಹಾಲ್ ಟಿಕೆಟ್ಟಿಗೆ ಮೇಷ್ಟ್ರ ಸಹಿ ಬೇಕು. ಸಹಿಗೆ ಪೂರ್ವಪರೀಕ್ಷೆಯ ಐದು ಲೆಕ್ಕಗಳಲ್ಲಿ ನಾಲ್ಕು ಸರಿ ಇರಬೇಕು. ಆ ಐದರಲ್ಲಿ ಮೂರನೆಯದು ಹದಿನೇಳು. ಸೋಮವಾರ ಮೇಷ್ಟ್ರು ತಿದ್ದಿದ ಕಟ್ಟು ಹಿಡಿದು ಬಂದು, ಸಹಿಯಾದ ಹಾಲ್ ಟಿಕೆಟ್ಟುಗಳನ್ನು ಇಸ್ಪೀಟು ಎಲೆ ಹಂಚಿದ ಹಾಗೆ ಹಂಚಿದರು. ಅಕ್ಕನದನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡರು.

"ಮೂರು ಸರಿ. ಒಂದು ಲೆಕ್ಕ ಮುಟ್ಟೇ ಇಲ್ಲ. ಹದಿನೇಳರಲ್ಲಿ ಪುರಾಣ ಬರ್ದಿದಾಳೆ, ಕೇಳಿ ಎಲ್ರೂ." ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಓದಿದರು: "'ಇದಕ್ಕೆ ಗರಿಷ್ಠ ಇಲ್ಲ. ಇಪ್ಪತ್ತು ಟ್ರೇ ಅಂದರೆ ಗುಂಡಿಯ ತಳ. ಲೆಕ್ಕದಲ್ಲೇ ತಪ್ಪಿದೆ.' ಏನಮ್ಮಾ? ಇಪ್ಪತ್ತೆರಡು ವರ್ಷದ ಲೆಕ್ಕದಲ್ಲಿ ತಪ್ಪು ಹುಡುಕೋಕೆ ಬಂದ್ಯಾ? ಅರವತ್ತೊಂದು ಜನ ಇಪ್ಪತ್ತು ಅಂದಿದಾರೆ, ನೀನೊಬ್ಳು ಬ್ರಹ್ಮನ ಮಗಳು."

ಕುರಿಗಳು ನಕ್ಕವು. ಅರವತ್ತೊಂದು ಎಂದರಲ್ಲ, ಆ ಲೆಕ್ಕವೂ ಸರಿಯೇ. ಸಹಿ ತಪ್ಪಬಾರದೆಂದು ನಾನೂ ಇಪ್ಪತ್ತು ಎಂದೇ ಬರೆದಿದ್ದೆ.

ಅಕ್ಕ ಎದ್ದಳು. "ಸರಿ ಸಾರ್," ಎಂದು ಪುಸ್ತಕ ಚೀಲಕ್ಕೆ ಹಾಕತೊಡಗಿದಳು. ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿತ್ತು. ಅವಳು ಬಾಗಿಲು ದಾಟಿದರೆ ಡಿಗ್ರಿಯೂ ಕೈ ದಾಟಿದ ಹಾಗೆ.

ನಾನು ಯೋಚಿಸಿಟ್ಟಿದ್ದ ಕ್ಲೈಮ್ಯಾಕ್ಸಿನಲ್ಲಿ ಹೀರೋ ಬೆಂಚಿನ ಮೇಲೆ ಹತ್ತಿ ನಿಲ್ಲುತ್ತಾನೆ, ಕೂದಲು ಹಾರುತ್ತದೆ. ಇಲ್ಲಿ ನನ್ನ ಮೊಣಕಾಲು ಬೆಂಚಿಗೆ ಬಡಿಯಿತು, ದನಿ ಕೀರಲಾಯಿತು.

"ಸಾರ್, ಚಿಹ್ನೆ ತಿರುಗಿಸಿದ್ದು ನಾನು. ಟೈಪ್ ಮಾಡ್ವಾಗ. ಬೇಕಂತಲೇ."

ಮೇಷ್ಟ್ರು ನನ್ನನ್ನು ನೋಡಿದರು. ಹಾಳೆ ನೋಡಿದರು. ಬೋರ್ಡಿನಲ್ಲಿ ಡಿಫರೆನ್ಷಿಯೇಟ್ ಮಾಡಿ ಸೊನ್ನೆಗೆ ಸಮ ಹಾಕಿದರು. ಮುಖ ಅರಳಿತು.

"ತಿರುಗಿಸಿದ್ರೂ ಇಪ್ಪತ್ತೇ ಬರುತ್ತಲ್ಲೋ! ಮತ್ತೇನು ನಿಂದು?"

ದೇವರೇ, ಈ ತಲೆಗೆ ಎಣ್ಣೆ ಬೇರೆ ಹಚ್ಚುತ್ತಾರೆ.

"ಆ ಇಪ್ಪತ್ತನ್ನ ಮೇಲಿನ ಸಾಲಲ್ಲಿ ಹಾಕಿ ನೋಡಿ ಸಾರ್," ಅಂದಳು ಅಕ್ಕ, ಬಾಗಿಲ ಬಳಿಯಿಂದ. ದನಿ ಬ್ರೆಡ್ ಕೊಳ್ಳಲು ಬಂದವರಿಗೆ ಚಿಲ್ಲರೆ ಇಲ್ಲ ಎನ್ನುವಾಗಿನದೇ.

ಹಾಕಿದರು. ಎಂಟುನೂರು. ಕಳೆ ಸಾವಿರದ ಆರುನೂರು. ಕೂಡು ಮುನ್ನೂರು. ಸೀಮೆಸುಣ್ಣ ಮೈನಸ್ ಐನೂರರ ಹತ್ತಿರ ನಿಂತುಬಿಟ್ಟಿತು. ಬಹುಶಃ ಇಪ್ಪತ್ತೆರಡು ವರ್ಷದಲ್ಲಿ ಅವರು ಒಂದು ಉತ್ತರವನ್ನು ವಾಪಸ್ ಹಾಕಿ ನೋಡಿದ್ದು ಅದೇ ಮೊದಲು.

"ಅಂದ್ರೆ... ಇಪ್ಪತ್ತು ತಪ್ಪಾ ಸಾರ್?" ಎಂದಿತು ಒಂದು ಕುರಿ.

ಅಷ್ಟು ಸಾಕಾಯಿತು. ಇಪ್ಪತ್ತು ತಪ್ಪಾದರೆ ಎಷ್ಟು ಜನರ ಸಹಿ ಹಾರಿಹೋಗುತ್ತದೆ ಎಂಬ ಲೆಕ್ಕ ಮಾತ್ರ ಎಲ್ಲರಿಗೂ ಒಂದೇ ಕ್ಷಣದಲ್ಲಿ ಬಂತು. ಜೀವನದಲ್ಲಿ ಮೊದಲ ಬಾರಿ ಅವರು ತಾವಾಗಿ ಮಾಡಿದ ಲೆಕ್ಕ ಅದು.

"ಇಪ್ಪತ್ತೇ ಸರಿ ಸಾರ್!" ಟೇಪ್ ರೆಕಾರ್ಡರ್ ಎದ್ದು ನಿಂತ. "ಅಚ್ಚಾಗಿರೋದೇ ಹಾಗೆ ಸಾರ್!"

"ಹೌದು ಸಾರ್! ಇಪ್ಪತ್ತು ಸಾರ್!"

ಬೆಂಚು ಕುಟ್ಟಿದರು. ಗಣಿತಕ್ಕೆ ಕೈಯೆತ್ತಿ ಮತ ಹಾಕುವ ಜನರನ್ನು ಇದಕ್ಕಿಂತ ಹತ್ತಿರದಿಂದ ನೋಡುವ ಭಾಗ್ಯ ಯಾರಿಗೂ ಬಾರದಿರಲಿ. ಮೇಷ್ಟ್ರು ಡಸ್ಟರ್ ತೆಗೆದುಕೊಂಡು ಮೈನಸ್ ಐನೂರನ್ನು ನಿಧಾನವಾಗಿ ಒರೆಸಿದರು. ಆಮೇಲೆ ತೀರ್ಪು ಕೊಟ್ಟರು.

"ಇಪ್ಪತ್ತೂ ಸರಿ. ಇಪ್ಪತ್ತು ಅಲ್ಲ ಅನ್ನೋದೂ ಸರಿ. ಎಲ್ರಿಗೂ ಅಂಕ ಇದೆ."

ಅಕ್ಕನ ಹಾಲ್ ಟಿಕೆಟ್ಟಿಗೆ ಸಹಿ ಬಿತ್ತು. ಅವಳು ಶಾಯಿ ಆರುವವರೆಗೆ ಅದನ್ನು ಊದಿದಳು.

"ಇನ್ನು ನೀನು." ಮೇಷ್ಟ್ರು ನನ್ನ ಕಡೆ ಕೈ ಚಾಚಿದರು. "ವಿಭಾಗದ ಕಾಗದ ತಿದ್ದಿದೀಯ. ನಿಂದು ವಾಪಸ್ ಕೊಡು. ಮುಂದಿನ ವರ್ಷ ಬಾ."

ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಅಂದು ಅವರು ಪೂರ್ತಿ ಅರ್ಥಮಾಡಿಕೊಂಡು ಮಾಡಿದ ಒಂದೇ ಕೆಲಸ ಅದು.

ಬಸ್ ನಿಲ್ದಾಣದವರೆಗೆ ಅಕ್ಕ ಮುಂದೆ ಮುಂದೆ ನಡೆದಳು. ನಾನೇ ಬಾಯಿಬಿಟ್ಟೆ.

"ನೋಡಿದ್ಯಾ ಅವರ ಮುಖ? ಶುದ್ಧ ದಡ್ಡರು ಕಣೇ."

"ಅವ್ರಿಗೆ ಗೊತ್ತಿರ್ಲಿಲ್ಲ," ಅಂದಳು. "ನಿಂಗೆ ಗೊತ್ತಿತ್ತು. ಹನ್ನೊಂದು ದಿನ ಆ ಲೆಕ್ಕ ಮಾಡಿದೀನಿ ನಾನು. ನನ್ನ ತಲೇನೇ ಸರಿಯಿಲ್ಲ ಅನ್ಕೊಂಡು. ನೀನು ಎದುರಿಗೆ ಕೂತು ಟೀ ಕುಡೀತಿದ್ದೆ."

ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು.

ಒಂಬತ್ತು ದಿನ ನನ್ನೊಡನೆ ಮಾತಿಲ್ಲ. ಪರೀಕ್ಷೆಯ ದಿನ ನಾನು ಕಾಂಪೌಂಡಿನ ಹೊರಗೆ, ಸೈಕಲ್ ನಿಲ್ಲಿಸುವ ತಗಡಿನ ನೆರಳಿನಲ್ಲಿ ಕೂತಿದ್ದೆ. ಒಳಗಿದ್ದ ಪ್ರಶ್ನೆಪತ್ರಿಕೆ ಕಚೇರಿಯ ಹಳೆಯ ಫೈಲಿನದು, ನನ್ನ ಕೈ ಸೋಕದ್ದು. ಗಂಟೆ ಹೊಡೆದಾಗ ಟೇಪ್ ರೆಕಾರ್ಡರ್ ಎಲ್ಲರಿಗಿಂತ ಮೊದಲು ಓಡಿ ಬಂದ.

"ಹದಿನೇಳು ಬಂದಿತ್ತು ಕಣೋ! ಇಪ್ಪತ್ತು! ಅಚ್ಚುಕಟ್ಟಾಗಿ ಬರ್ದೆ!"

"ಗುಡ್ಡನೋ ಗುಂಡಿನೋ ನೋಡ್ದ್ಯಾ?"

"ಯಾವ ಗುಂಡಿ?"

"ಏನಿಲ್ಲ, ಹೋಗು ಮಾರಾಯ. ದಾರೀಲಿ ನೋಡ್ಕೊಂಡು ಹೋಗು."

ಕುರಿಗಳು ಒಂದೊಂದಾಗಿ ಹೊರಬಂದವು, ಎಲ್ಲದರ ಬಾಯಲ್ಲೂ ಅದೇ ಇಪ್ಪತ್ತು. ಚಿಹ್ನೆ ಮತ್ತೆ ತಿರುಗಿದೆ ಎಂದು ಒಂದಕ್ಕೂ ಕಂಡಿರಲಿಲ್ಲ. ಕೊನೆಯ ಗಂಟೆಯ ನಂತರ, ಮೇಲ್ವಿಚಾರಕರು ಹೆಚ್ಚುಕಡಿಮೆ ಕೈಯಿಂದ ಕಿತ್ತುಕೊಂಡ ಮೇಲೆ, ಅಕ್ಕ ಬಂದಳು. ಬೆರಳ ತುಂಬ ಶಾಯಿ. ತಗಡಿನ ಕೆಳಗೆ ನನ್ನನ್ನು ನೋಡಿ ಹತ್ತಿರ ಬಂದಳು. ಆಮೇಲೆ ಚೀಲವನ್ನು ನನ್ನ ತೊಡೆಯ ಮೇಲೆ ಎಸೆದಳು.

"ಐನೂರು ಲಾಭ," ಅಂದಳು. "ಪಟ್ಟಿ ಹಾಕಿ ನೋಡ್ದೆ. ಈ ಸಲ ಅಂಗಡಿ ಬಾಗಿಲು ತೆಗೀಬಹುದು."